ನೀರೆತ್ತುವ ಗುಂಡಿಗೆ ಗಾಡಿ ಇಳಿಸಬೇಡಿ

ಶಿರಸಿ ಪೇಟೆ ಕುಡಿಯುವುದು ಕೆಂಗ್ರೆ ಹೊಳೆಯ ನೀರು, ಮಾರಿಗದ್ದೆ ಹತ್ತಿರದ ಅಘನಾಶಿನಿಯ ನೀರು. ಬೇಸಿಗೆಯಲ್ಲಿ ಒಡ್ಡಿನ ಹಿಂದೆ ನಿಂತ ನೀರು ಕಂಡರೆ ಸಾಕು, ಭಾನುವಾರ ಪೇಟೆಯಿಂದ ಕಾರು, ಬೈಕುಗಳ ಸಾಲು.

ಈಜಲು ಬರುವವರ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್ ಸೆಖೆಯಲ್ಲಿ ಮಕ್ಕಳಿಗೆ ಹೊಳೆ ಬೇಡ ಎನ್ನಲು ಯಾರಿಗೆ ಮನಸ್ಸು ಬಂದೀತು? ಆದರೆ ಜಾಕ್‌ವೆಲ್, ಅಂದರೆ ಪೇಟೆಗೆ ನೀರೆತ್ತುವ ಪಂಪಿನ ಬಾವಿ, ನೀರೆಳೆಯುವುದು ಒಡ್ಡಿನ ಮೇಲುಗಡೆಯಿಂದ. ಅಲ್ಲಿ ಆಟ ಬೇಡ, ಒಡ್ಡಿನ ಕೆಳಗೆ ಆಡಿ.

ಮೊನ್ನೆ ಒಬ್ಬ ಕಾರಿನ ಮುಂದಿನ ಗಾಲಿ ನೀರಿಗಿಳಿಸಿ, ಮ್ಯಾಟು ತೆಗೆದು ಬಂಡೆಯ ಮೇಲೆ ಸೋಪು ಹಾಕಿ ತಿಕ್ಕುತ್ತಿದ್ದ. ಎಣ್ಣೆಯ ಬಣ್ಣಬಣ್ಣದ ಪೊರೆ ನೀರ ಮೇಲೆ ಮೆಲ್ಲಗೆ ಹರಡುತ್ತಿತ್ತು. ತೋಟದಿಂದ ಬಂದ ಅಜ್ಜ ಕೇಳಿದರು: "ತಮಾ, ಇದೇ ನೀರು ನಾಳೆ ನಿಂಗಳ ಮನೆ ನಲ್ಲಿಗೆ ಬತ್ತು, ಅಲ್ದಾ?"

"ಫಿಲ್ಟರ್ ಮಾಡ್ತಾರಲ್ಲ ಅಜ್ಜಾ."

ಮಾಡುತ್ತಾರೆ. ಆಲಂ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ಮರಳಿನಲ್ಲಿ ಸೋಸಿದ ಮೇಲೆ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ನೀರಲ್ಲಿ ಬೆರೆತ ಡೀಸೆಲ್ಲು, ಸೋಪು ಪೂರ್ತಿ ತೆಗೆಯಲು ಇಷ್ಟು ಸಾಲದು. ಜುಲೈಯಲ್ಲಾದರೆ ಹೊಳೆಯೇ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಹರಿವು ಸೊರಗಿರುತ್ತದೆ, ಬಿದ್ದದ್ದು ಅಲ್ಲೇ ಉಳಿಯುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಸಂಗತಿ. ಹೊಳೆ ಬತ್ತುತ್ತ ಬಂದಾಗ ಪೇಟೆಗೆ ಕುಡಿಯುವ ನೀರು ಉಳಿಯಲಿ ಎಂದು ಪಂಪ್‌ಸೆಟ್ ನಿಲ್ಲಿಸಬೇಕಾಗುವುದು ದಂಡೆಯ ರೈತರು. ನೀರು ತಪ್ಪಿದರೆ ಅಡಿಕೆಯ ಮಿಳ್ಳೆ (ಎಳೆಗಾಯಿ) ಉದುರುತ್ತದೆ, ಮುಂದಿನ ಫಸಲಿಗೇ ಪೆಟ್ಟು. ಮಾರಿಕಾಂಬಾ ಜಾತ್ರೆಯ ವರ್ಷವಂತೂ ಲಕ್ಷಗಟ್ಟಲೆ ಜನ ಬರುವುದು ಈ ಒಣ ದಿನಗಳ ಹೊಸ್ತಿಲಲ್ಲೇ. ಹಾಗೆ ತೋಟದ ಬಾಯಿಂದ ತೆಗೆದು ಉಳಿಸಿಕೊಟ್ಟ ನೀರಲ್ಲಿ ನಾವು ಕಾರು ತೊಳೆಯುವುದೇ?

ಒಡ್ಡಿನ ಕೆಳಗೆ ಬೇಸಿಗೆಯಲ್ಲಿ ಮೊಣಕಾಲುದ್ದವೂ ನೀರಿರುವುದಿಲ್ಲ, ಅಲ್ಲಿ ಈಜುವುದು ಹೇಗೆ ಎನ್ನುತ್ತೀರಿ, ನಿಜ. ಹಾಗಿದ್ದರೆ ಅಷ್ಟು ದಿನ ಅಲ್ಲಿಗೆ ಬರುವುದೇ ಬೇಡ. ಹೊಳೆಗುಂಟ ಇನ್ನೂ ಕೆಳಗೆ ಹೋದರೆ ಗುಂಡಿಗಳಿವೆ. ಊರವರನ್ನು ಕೇಳಿ, ಸುಳಿ ಎಲ್ಲಿದೆ, ಆಳ ಎಷ್ಟು ಎಂದು ಅವರೇ ಹೇಳುತ್ತಾರೆ. ಬಾಟಲಿ ಒಡೆದು ಬರಬೇಡಿ, ಅದೇ ನೀರಿಗೆ ದನ ಇಳಿಯುತ್ತವೆ.

ಗಾಡಿ ಇಳಿಯುವ ದಾರಿಗೆ ಅಡ್ಡ ನಾಲ್ಕು ಕಲ್ಲುಕಂಬ ನೆಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಭಾನುವಾರಗಳಂದು ಅಲ್ಲೊಬ್ಬ ಕಾವಲಿನವನೂ ಬೇಕು, ಅವನ ಸಂಬಳ ಪೇಟೆಯ ನೀರಿನ ಕರದಿಂದಲೇ ಹೋಗಲಿ. ಮುಂದಿನ ವಾರ್ಡ್ ಸಭೆಯಲ್ಲಿ ಇವೆರಡನ್ನೂ ಬರೆದು ಕೊಡುತ್ತೇನೆ. ಜೊತೆಗೆ ಸಹಿ ಹಾಕುವವರು ಕೆಳಗೆ ತಿಳಿಸಿ.