ಸ್ಟಾರ್ ರೈಡರ್‌ಗೆ ಒಂದು ನಿಯಮ, ಬೆಂಚಿನ ಹುಡುಗನಿಗೆ ಇನ್ನೊಂದು

ಕಳೆದ ವಾರ ಊರಲ್ಲಿ ನಮ್ಮ ಕಬಡ್ಡಿ ಹುಡುಗರ ಪ್ರಾಕ್ಟೀಸ್ ನಡೆದಿತ್ತು. ಒಬ್ಬನ ಮೊಣಕಾಲು ತರಚಿ ರಕ್ತ ಬಂತು. ನಮ್ಮದು ಮಣ್ಣಿನ ಅಂಕಣ, ಪಕ್ಕದಲ್ಲೇ ದನ ಕಟ್ಟುತ್ತಾರೆ. ಧನುರ್ವಾಯು ಬರದ ಹಾಗೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಾ ಅಂದೆ. ಬೇಡ ಸರ್ ಅಂದ. ಯಾಕೋ ಅಂದರೆ, "ಟೆನಿಸ್‌ನ ಜೊಕೊವಿಚ್ ಲಸಿಕೆ ಹಾಕಿಸ್ಕೊಂಡಿಲ್ಲ, 24 ಗ್ರ್ಯಾಂಡ್‌ಸ್ಲಾಮ್ ಗೆದ್ದಿಲ್ವಾ?" ಅಂತ ನನಗೇ ತಿರುಗಿ ಕೇಳಿದ.

ಸಿಟ್ಟು ಬಂತು, ಆದರೆ ಅವನ ಮೇಲಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಜೊಕೊವಿಚ್ ವಿಷಯ ಮುಗಿಸಿಬಿಡುತ್ತೇನೆ. ಅವರು ಬೇಡ ಅಂದಿದ್ದು ಕೋವಿಡ್ ಲಸಿಕೆಯನ್ನು. ಚಿಕ್ಕವನಿದ್ದಾಗ ಬೇರೆ ಲಸಿಕೆ ಹಾಕಿಸಿಕೊಂಡಿದ್ದೇನೆ, ನಾನು ಲಸಿಕೆಯ ವಿರೋಧಿ ಅಲ್ಲ ಅಂತ ಅವರೇ ಹೇಳಿದ್ದಾರೆ. 2022ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಆಡೋಕೆ ಹೋದಾಗ ಆಸ್ಟ್ರೇಲಿಯಾ ಅವರ ವೀಸಾ ರದ್ದು ಮಾಡಿತು, ಕೋರ್ಟಿನಲ್ಲಿ ಒಂದು ಸಲ ಗೆದ್ದರು, ಮಂತ್ರಿ ಮತ್ತೆ ರದ್ದು ಮಾಡಿದರು, ಜನವರಿ 16ಕ್ಕೆ ದೇಶ ಬಿಟ್ಟು ಹೋಗಬೇಕಾಯಿತು. ಆ ವರ್ಷ ಅಮೆರಿಕನ್ ಓಪನ್ನೂ ಆಡಲಿಲ್ಲ. ಟ್ರೋಫಿ ಹೋದರೂ ಪರವಾಗಿಲ್ಲ ಅಂದರು, ಹೋಗಲು ಬಿಟ್ಟರು. ಆ ಮಾತಿಗೆ ನನ್ನ ಗೌರವ ಇದೆ. ಕೋವಿಡ್ ಪಾಸಿಟಿವ್ ಅಂತ ಗೊತ್ತಿದ್ದೂ ಪತ್ರಕರ್ತರ ಮುಂದೆ ಹೋಗಿ ಕೂತಿದ್ದಕ್ಕೆ ಮಾತ್ರ ಇಲ್ಲ.

ಟೆನಿಸ್‌ನಲ್ಲಿ ಎದುರಾಳಿ ಬಲೆಯ ಆಚೆ ಇರುತ್ತಾನೆ, ಅಂಕಣದ ಉದ್ದವೇ 78 ಅಡಿ. ಕಬಡ್ಡಿ ನೋಡಿ. ಎದುರು ತಂಡದವರ ಮುಖದ ಮೇಲೇ ಕಬಡ್ಡಿ ಕಬಡ್ಡಿ ಅಂತ ಉಸಿರು ಬಿಡಬೇಕು, ಆಮೇಲೆ ಏಳು ಜನ ಮೈಮೇಲೆ ಬೀಳುತ್ತಾರೆ. ಆಟ ಮುಗಿದ ಮೇಲೆ ಒಂದೇ ಟೆಂಪೋ, ಒಂದೇ ನೀರಿನ ಬಾಟ್ಲಿ. ಇಲ್ಲಿ "ನನ್ನ ಮೈ, ನನ್ನಿಷ್ಟ" ಅನ್ನೋದು ಅರ್ಧ ಮಾತು. ಇನ್ನರ್ಧ ಮಾತು ಪಕ್ಕದಲ್ಲಿ ಆಡುವವನದು.

ನಾನಿರೋದು ಬೆಳಗಾವಿಯ ಟಿಳಕವಾಡಿಯಲ್ಲಿ, ಶನಿವಾರ ಭಾನುವಾರ ಊರಿಗೆ ಹೋಗುತ್ತೇನೆ. ದಿನಾ ಬೆಳಿಗ್ಗೆ ವಾಕಿಂಗು ವ್ಯಾಕ್ಸಿನ್ ಡಿಪೊದಲ್ಲಿ. ಅಲ್ಲಿ ಓಡುವ ಎಷ್ಟು ಹುಡುಗರಿಗೆ ಆ ಹೆಸರು ಯಾಕೆ ಬಂತು ಅಂತ ಗೊತ್ತಿದೆಯೋ ಏನೋ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು, ಬ್ರಿಟಿಷರ ಕಾಲದಿಂದ. ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದ ಲಸಿಕೆ. ನಮ್ಮ ಅಜ್ಜಿಯ ತೋಳಿನ ಮೇಲೆ ಎರಡು ಗುಂಡನೆ ಕಲೆ ಇದ್ದವು, ದೇವಿ ಹಾಕಿದ್ದು ಅನ್ನುತ್ತಿದ್ದಳು. 1980ರಲ್ಲಿ ಸಿಡುಬು ಭೂಮಿ ಮೇಲೇ ಇಲ್ಲ ಅಂತ ಘೋಷಣೆ ಆಯಿತು. ಆ ಮರಗಳ ಕೆಳಗೆ ನಡೆಯುವಾಗಲೆಲ್ಲ ಅಜ್ಜಿಯ ತೋಳು ನೆನಪಾಗುತ್ತೆ.

ಈಗ ಸಿಟ್ಟಿನ ವಿಷಯ.

2021ರ ಕೊನೆಗೆ ಲಾಕ್‌ಡೌನ್ ಎಲ್ಲ ಮುಗಿದು ಮತ್ತೆ ಟೂರ್ನಮೆಂಟ್ ಶುರುವಾಗಿದ್ದವು. ಒಂದು ಕಡೆ ಸಂಘಟಕರು ಲಸಿಕೆ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಆಟ ಅಂದರು. ನಮ್ಮ ತಂಡದಲ್ಲಿ ಇಬ್ಬರು ಹಾಕಿಸಿಕೊಂಡಿರಲಿಲ್ಲ. ಮೊದಲನೆಯವನು ಬೆಂಚಿನ ಹುಡುಗ, ಲೆಫ್ಟ್ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ಹಿಡಿಯುವವನು, ಅಪರೂಪಕ್ಕೆ ಅಂಕಣಕ್ಕೆ ಇಳಿಯುವವನು. ಅವನಿಗೆ ಹೇಳೋಕೆ ನಮಗೆ ಎರಡು ನಿಮಿಷ ಸಾಕಾಯಿತು. ನಿಯಮ ಅಂದರೆ ನಿಯಮಪ್ಪ, ಈ ಸಲ ನೀನು ಮನೆಯಲ್ಲೇ ಇರು. ತಲೆ ತಗ್ಗಿಸಿಕೊಂಡು ಹೋದ.

ಮೂರು ದಿನ ಬಿಟ್ಟು ನಮ್ಮ ಮುಖ್ಯ ರೈಡರ್ ಕೂಡ ಹಾಕಿಸಿಕೊಂಡಿಲ್ಲ ಅಂತ ಗೊತ್ತಾಯಿತು. ಆಗ ಎರಡು ನಿಮಿಷ ಸಾಕಾಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಮೀಟಿಂಗ್. ಅವನಿಲ್ಲದೆ ಮೊದಲ ಸುತ್ತೂ ದಾಟಲ್ಲ ಅಂದರು ಹಿರಿಯರು. ಕೊನೆಗೆ ಯಾರದೋ ಸರ್ಟಿಫಿಕೇಟ್ ಅವನ ಹೆಸರಲ್ಲಿ ತೋರಿಸೋದು ಅಂತ ಆಯಿತು. ನಾನೂ ಅಲ್ಲೇ ಕೂತಿದ್ದೆ. ತಪ್ಪು ಅನ್ನಿಸಿತ್ತು, ಬಾಯಿ ಬಿಡಲಿಲ್ಲ. ಎರಡನೇ ಬಹುಮಾನ ಬಂತು. ಯಾರಿಗೂ ಕಾಯಿಲೆ ಆಗಲಿಲ್ಲ, ಅದು ನಮ್ಮ ಅದೃಷ್ಟ. ಆದರೆ ಆ ಕಾರ್ನರ್ ಹುಡುಗ ಮತ್ತೆ ಪ್ರಾಕ್ಟೀಸಿಗೆ ಬರಲೇ ಇಲ್ಲ.

ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇದೇ ಕತೆ ದೊಡ್ಡದಾಗಿ ನಡೆಯುತ್ತಿತ್ತು. ಬ್ರೂಕ್ಲಿನ್ ನೆಟ್ಸ್ ಬಾಸ್ಕೆಟ್‌ಬಾಲ್ ತಂಡದ ಕೈರಿ ಇರ್ವಿಂಗ್ ಲಸಿಕೆ ಬೇಡ ಅಂದ. ಲಸಿಕೆ ಇಲ್ಲದೆ ತವರಿನ ಒಳಾಂಗಣದಲ್ಲಿ ಆಡುವ ಹಾಗಿಲ್ಲ ಅನ್ನೋದು ನಗರದ ನಿಯಮ. 2021ರ ಅಕ್ಟೋಬರ್‌ನಲ್ಲಿ ತಂಡ ಗಟ್ಟಿಯಾಗಿ ಹೇಳಿತು: ಅರ್ಧಂಬರ್ಧ ಆಡೋದು ಬೇಡ, ಎಲ್ಲ ಪಂದ್ಯಕ್ಕೂ ಸಿಗುವವರೆಗೆ ಪ್ರಾಕ್ಟೀಸೂ ಇಲ್ಲ. ಓದಿ ಖುಷಿಯಾಗಿತ್ತು. ಎರಡು ತಿಂಗಳಲ್ಲಿ ಕೆಲವರಿಗೆ ಗಾಯ, ಹಲವರಿಗೆ ಕೋವಿಡ್, ಆಡೋಕೆ ಜನ ಕಡಿಮೆ ಬಿದ್ದರು. ಡಿಸೆಂಬರ್‌ನಲ್ಲಿ ಅದೇ ತಂಡ ಅವನನ್ನು ವಾಪಸ್ ಕರೆಯಿತು, ಹೊರಗಿನ ಊರಿನ ಪಂದ್ಯಕ್ಕೆ ಮಾತ್ರ ಅಂತ. ಲಸಿಕೆ ಹಾಕಿಸಿಕೊಂಡ ಆಟಗಾರರು ಹೊರಗೆ ಕೂತಾಗ ಹಾಕಿಸಿಕೊಳ್ಳದವನು ರಕ್ಷಕನ ಹಾಗೆ ಬಂದ.

ಆ ನಿಯಮದಲ್ಲೂ ಹುಳುಕು ಇತ್ತು, ಒಪ್ಪುತ್ತೇನೆ. ಹೊರಗಿನ ತಂಡದವನು ಲಸಿಕೆ ಇಲ್ಲದೆಯೂ ಅಲ್ಲಿ ಆಡಬಹುದಿತ್ತು. 2022ರ ಮಾರ್ಚ್‌ನಲ್ಲಿ ಇರ್ವಿಂಗ್ ಪ್ರೇಕ್ಷಕನಾಗಿ ಅಂಕಣದ ಅಂಚಿನಲ್ಲಿ ಕೂತು ಮ್ಯಾಚ್ ನೋಡಬಹುದಿತ್ತು, ಒಳಗಿಳಿದು ಆಡುವ ಹಾಗಿರಲಿಲ್ಲ. ಒಮಿಕ್ರಾನ್ ಬಂದ ಮೇಲೆ ಎರಡು ಡೋಸ್ ಆದವರಿಗೂ ಸೋಂಕು ಬರುತ್ತಿತ್ತು. ಲಸಿಕೆ ಜಾಸ್ತಿ ಕೆಲಸ ಮಾಡಿದ್ದು ಕಾಯಿಲೆ ವಿಪರೀತ ಆಗದ ಹಾಗೆ ತಡೆಯೋದರಲ್ಲಿ. ಹೊಸ ವಿಷಯ ಗೊತ್ತಾದಾಗ ನಿಯಮ ಬದಲಾಗಲಿ, ಬೇಡ ಅನ್ನಲ್ಲ. ಆದರೆ ಯಾರಿಗೆ ಬದಲಾಯಿತು ನೋಡಿ. ಫೆಬ್ರವರಿಯಲ್ಲಿ ಅದೇ ನಗರ ಲಸಿಕೆ ಹಾಕಿಸಿಕೊಳ್ಳದ 1,430 ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯಿತು. ಮಾರ್ಚ್ 24ಕ್ಕೆ ಮೇಯರ್ ವಿನಾಯಿತಿ ಕೊಟ್ಟರು, ಆಟಗಾರರಿಗೆ ಮತ್ತು ಕಲಾವಿದರಿಗೆ ಮಾತ್ರ. ಕೆಲಸ ಕಳೆದುಕೊಂಡವರಿಗೆ ಅವರಿಗೋಸ್ಕರ ಕೂಗುವ ಅಭಿಮಾನಿಗಳು ಇರಲಿಲ್ಲ. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ನಮ್ಮ ಕಾರ್ನರ್ ಹುಡುಗ. ಕೊನೆಗೆ ಇರ್ವಿಂಗ್ ಎಲ್ಲ ಕಡೆ ಆಡಿದ, ನೆಟ್ಸ್ ಮೊದಲ ಸುತ್ತಿನಲ್ಲೇ ಬಾಸ್ಟನ್‌ಗೆ 4-0 ಸೋತು ಮನೆಗೆ ಹೋಯಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಬ್ಬ ಬಾಸ್ಕೆಟ್‌ಬಾಲ್ ಆಟಗಾರ ಆಂಡ್ರ್ಯೂ ವಿಗಿನ್ಸ್‌ಗೂ ಲಸಿಕೆ ಇಷ್ಟ ಇರಲಿಲ್ಲ. ಧರ್ಮದ ಕಾರಣಕ್ಕೆ ವಿನಾಯಿತಿ ಕೇಳಿದ, ಲೀಗ್ ಕೊಡಲಿಲ್ಲ. ಹಾಕಿಸಿಕೊಂಡ, ಆಡಿದ, 2022ರಲ್ಲಿ ಚಾಂಪಿಯನ್ ತಂಡದಲ್ಲಿದ್ದ. ಹಾಕಿಸಿಕೊಳ್ಳಬಾರದಿತ್ತು ಅಂತ ಆಮೇಲೂ ಹೇಳಿದ. ಹೇಳಲಿ. ಅವನು ಅಸಮಾಧಾನ ಮುಚ್ಚಿಡಲಿಲ್ಲ, ತಂಡಕ್ಕೂ ಮೋಸ ಮಾಡಲಿಲ್ಲ.

ಮೋಸ ಅಂದರೆ ಆರನ್ ರಾಜರ್ಸ್ ಮಾಡಿದ್ದು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಹೆಸರು. ಲಸಿಕೆ ಆಗಿದೆಯಾ ಅಂತ ಕೇಳಿದರೆ ನನಗೆ ರೋಗನಿರೋಧಕ ಶಕ್ತಿ ಬಂದಿದೆ ಅನ್ನೋ ಅರ್ಥದ ಮಾತು ಹೇಳಿ ಜಾರಿಕೊಂಡ. 2021ರ ನವೆಂಬರ್‌ನಲ್ಲಿ ಪಾಸಿಟಿವ್ ಆದಾಗ ಬಣ್ಣ ಬಯಲಾಯಿತು. ಕೋವಿಡ್ ನಿಯಮ ಮುರಿದದ್ದಕ್ಕೆ ಲೀಗ್ ಅವನಿಗೆ 14,650 ಡಾಲರ್, ಅವನ ಗ್ರೀನ್ ಬೇ ತಂಡಕ್ಕೆ 3 ಲಕ್ಷ ಡಾಲರ್ ದಂಡ ಹಾಕಿತು. ತಂಡಕ್ಕೆ ಜಾಸ್ತಿ ಹಾಕಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆಟಗಾರ ಸುಳ್ಳು ಹೇಳೋಕೆ ಜಾಗ ಮಾಡಿಕೊಡೋದು ತಂಡ. ನಮ್ಮ ಆ ರಾತ್ರಿಯ ಮೀಟಿಂಗ್ ಅದೇ ಅಲ್ವಾ?

ಇನ್ನೊಂದು ನೋವು ಏನಂದರೆ, ನಾವು ಇಬ್ಬರಲ್ಲಿ ಯಾರನ್ನೂ "ಯಾಕೆ ಬೇಡ?" ಅಂತ ಕೇಳಲೇ ಇಲ್ಲ. ಆ ರೈಡರ್ ಎಷ್ಟೋ ತಿಂಗಳ ಮೇಲೆ ಹೇಳಿದ. ಪೊಲೀಸ್ ಭರ್ತಿಯ 1600 ಮೀಟರ್ ಓಟ ಹತ್ತಿರ ಇತ್ತು, ಜ್ವರ ಬಂದು ದಮ್ಮು ಹೋದರೆ ಏನು ಮಾಡಲಿ ಅನ್ನೋ ಭಯ. 2021ರ ಅಕ್ಟೋಬರ್‌ನಲ್ಲಿ ಅಪ್ಪು ತೀರಿಕೊಂಡಿದ್ದರು. ಜಿಮ್ಮು, ಲಸಿಕೆ, ಹಾರ್ಟು ಅಂತ ಮೊಬೈಲ್ ತುಂಬಾ ಅದೇ ಮಾತು. ಹುಡುಗ ಹೆದರಿದ್ದು ತಪ್ಪಲ್ಲ. ಫೈಜರ್, ಮಾಡರ್ನಾ ಥರದ ಲಸಿಕೆಯಿಂದ ಎಳೆಯ ಹುಡುಗರಲ್ಲಿ ಅಪರೂಪಕ್ಕೆ ಹೃದಯದ ಉರಿಯೂತ ಆಗಿದ್ದು ನಿಜ, ಅದನ್ನು ಮುಚ್ಚಿಟ್ಟರೆ ಯಾರೂ ನಂಬಲ್ಲ. ಆದರೆ ನಮ್ಮೂರಲ್ಲಿ ಕೊಟ್ಟಿದ್ದು ಆ ಜಾತಿಯ ಲಸಿಕೆ ಅಲ್ಲ. ಲಸಿಕೆಯಿಂದ ಯುವಕರ ಹಠಾತ್ ಸಾವು ಜಾಸ್ತಿ ಆಗಿಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಅಧ್ಯಯನ ಹೇಳಿದೆ. ಓಟ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೂತು ಮಾತಾಡಿದ್ದಕ್ಕೆ ಅವನು ತಾನಾಗೇ ಹೋಗಿ ಹಾಕಿಸಿಕೊಂಡ. ನಾವು ಮೊದಲೇ ಕೇಳಿದ್ದರೆ ಒಂದು ಶನಿವಾರ ಹಾಕಿಸಿ, ಎರಡು ದಿನ ರೆಸ್ಟ್ ಕೊಟ್ಟು ಮುಗಿಸಬಹುದಿತ್ತು.

ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಎಲ್ಲರ ಆರೋಗ್ಯಕ್ಕೆ ಬೇಕಾದಾಗ ಅಳತೆ ಮೀರದ ನಿರ್ಬಂಧ ಹಾಕಬಹುದು ಅಂತಲೂ ಹೇಳಿತು. ತಂಡಕ್ಕೂ ಅಷ್ಟೇ. ಬೇಡ ಅನ್ನೋ ಹಕ್ಕು ಆಟಗಾರನಿಗೆ ಇರಲಿ, ಹಾಗಾದರೆ ಈ ಪಂದ್ಯ ಆಡಬೇಡ ಅನ್ನೋ ಹಕ್ಕು ತಂಡಕ್ಕಿರಲಿ. ಆದರೆ ಅದನ್ನು ಸೀಸನ್ ಶುರುವಾಗುವ ಮೊದಲೇ ಹೇಳಿ, ಎಲ್ಲರಿಗೂ ಒಂದೇ ಹೇಳಿ.

ಮೊಣಕಾಲು ತರಚಿಕೊಂಡನಲ್ಲ, ಅವನೇ ಈಗ ನಮ್ಮ ಮುಖ್ಯ ರೈಡರ್. ಧನುರ್ವಾಯು ಮಣ್ಣಿನಿಂದ, ಸಗಣಿಯಿಂದ ಗಾಯದೊಳಗೆ ಹೋಗುತ್ತೆ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಅದರ ಕಷ್ಟ ನಿನಗೊಬ್ಬನಿಗೇ ಅಂತ ಕೂರಿಸಿಕೊಂಡು ಹೇಳಿದೆ. ಏನು ಭಯ ಅಂತ ಕೇಳಿದೆ. ಸೂಜಿಯ ಭಯ, ಅಷ್ಟೇ! ನಾನೇ ಕರೆದುಕೊಂಡು ಹೋಗಿ ಹಾಕಿಸಿಕೊಂಡು ಬಂದೆ.

ಆ ಕಾರ್ನರ್ ಹುಡುಗ ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾನೆ, ಇದನ್ನು ಓದೇ ಓದುತ್ತಾನೆ. ತಮ್ಮಾ, ಅವತ್ತು ನಿನಗೊಂದು ನಿಯಮ, ಅವನಿಗೊಂದು ನಿಯಮ ಮಾಡಿದೆವು. ತಪ್ಪು ನಮ್ಮದು. ಭಾನುವಾರ ಅಂಕಣದ ಹತ್ತಿರ ಬಾ, ಎಲ್ಲರ ಮುಂದೆ ಹೇಳುತ್ತೇನೆ.