ರಿಚ್ಮಂಡಿನಲ್ಲಿ ಎರಡನೇ ಕೆಲಸ

ವರ್ಜೀನಿಯಾದ ರಿಚ್ಮಂಡ್ ನಗರದ ಜಾಹೀರಾತು ಸಂಸ್ಥೆಯೊಂದು ನನ್ನನ್ನು ಕೆಲಸಕ್ಕೆ ಕರೆದಿದೆ. ಹಿರಿಯ ಕಾಪಿರೈಟರ್, ಅಂದರೆ ಜಾಹೀರಾತಿನ ಮಾತುಗಳನ್ನು ಬರೆಯುವ ಹುದ್ದೆ. ಬರುವ ಶುಕ್ರವಾರ ಉತ್ತರ ಹೇಳಬೇಕು. ಹತ್ತು ದಿನಗಳಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಬರೆದರೆ ಮನಸ್ಸು ತಿಳಿಯಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನ್ಯೂಯಾರ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ವಿಷಯ ಹೇಳಿದಾಗ ಒಬ್ಬರು, ‘ಮಗುವಿಗೋಸ್ಕರವಾ?’ ಎಂದು ಕೇಳಿದರು. ದಕ್ಷಿಣದ ಊರಿಗೆ ಹೋಗುವುದೆಂದರೆ ಬರವಣಿಗೆ ಬಿಟ್ಟು ಸಂಸಾರಕ್ಕೆ ಕೂರುವುದು ಎಂಬ ಅರ್ಥ ಆ ಪ್ರಶ್ನೆಯಲ್ಲಿತ್ತು. ನನಗೆ ಬೇಸರವಾಯಿತು. ಅಮೆರಿಕದ ಜಾಹೀರಾತಿನ ಚರಿತ್ರೆ ಗೊತ್ತಿರುವವರು ರಿಚ್ಮಂಡನ್ನು ಹಾಗೆ ನೋಡುವುದಿಲ್ಲ. 1965ರಲ್ಲಿ ಅಲ್ಲಿ ಶುರುವಾದ ಮಾರ್ಟಿನ್ ಏಜೆನ್ಸಿ ಇವತ್ತಿಗೂ ಅದೇ ಊರಿನಲ್ಲಿದೆ. ಗೈಕೋ ವಿಮಾ ಕಂಪನಿಯ ಜಾಹೀರಾತುಗಳಲ್ಲಿ ಬರುವ ಹಸಿರು ಹಲ್ಲಿ 1999ರಲ್ಲಿ ಹುಟ್ಟಿದ್ದು ಆ ಸಂಸ್ಥೆಯಲ್ಲಿ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ 1996ರಲ್ಲಿ ತೆರೆದ ಜಾಹೀರಾತು ಶಾಲೆ, ಈಗಿನ ಬ್ರ್ಯಾಂಡ್‌ಸೆಂಟರ್, ಇರುವುದೂ ಅಲ್ಲೇ. ಅಲ್ಲಿ ಓದಿ ಬಂದ ಇಬ್ಬರ ಪಕ್ಕದಲ್ಲಿ ಕುಳಿತು ನಾನು ಈ ಕೆಲಸ ಕಲಿತಿದ್ದೇನೆ.

ಆ ಊರಿನ ಮೇಲೆ ನನಗೆ ಮೊದಲು ಮನಸ್ಸಾದದ್ದು ಒಂದೇ ಒಂದು ಸಾಲಿನಿಂದ. 1969ರಲ್ಲಿ ಅದೇ ಸಂಸ್ಥೆ, ಆಗ ಅದರ ಹೆಸರು ಮಾರ್ಟಿನ್ ಅಂಡ್ ವೋಲ್ಟ್ಸ್, ರಾಜ್ಯದ ಪ್ರವಾಸೋದ್ಯಮಕ್ಕಾಗಿ ಒಂದು ಘೋಷವಾಕ್ಯ ಬರೆಯಿತು. ಇತಿಹಾಸ ಪ್ರಿಯರಿಗೆ ವರ್ಜೀನಿಯಾ, ಕಡಲ ಪ್ರಿಯರಿಗೆ ವರ್ಜೀನಿಯಾ, ಬೆಟ್ಟದ ಪ್ರಿಯರಿಗೆ ವರ್ಜೀನಿಯಾ ಎಂದು ಬೇರೆ ಬೇರೆಯಾಗಿ ಹೇಳುವ ಯೋಚನೆ ಮೊದಲು ಇತ್ತಂತೆ. ಆಮೇಲೆ ಇತಿಹಾಸ, ಕಡಲು, ಬೆಟ್ಟ ಎಲ್ಲವನ್ನೂ ಹೊಡೆದು ಹಾಕಿದರು. ಉಳಿದದ್ದು ‘ವರ್ಜೀನಿಯಾ ಈಸ್ ಫಾರ್ ಲವರ್ಸ್’, ವರ್ಜೀನಿಯಾ ಇರುವುದು ಪ್ರೇಮಿಗಳಿಗೆ. ಅದಕ್ಕೆ ಎರಡೇ ವರ್ಷ ಹಿಂದೆ, 1967ರಲ್ಲಿ, ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗಬಾರದೆಂಬ ವರ್ಜೀನಿಯಾದ ಕಾನೂನನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಆ ಮೊಕದ್ದಮೆ ಹೂಡಿದ ದಂಪತಿಯ ಮನೆತನದ ಹೆಸರು ಲವಿಂಗ್. ಅವರು ರಿಚ್ಮಂಡಿಗೆ ಹತ್ತಿರದ ಕ್ಯಾರೊಲೈನ್ ಕೌಂಟಿಯವರು. ಪ್ರೀತಿಸಿದವರನ್ನು ಬಂಧಿಸಿದ್ದ ರಾಜ್ಯ ಪ್ರೇಮಿಗಳನ್ನು ಕರೆಯುವ ಸಾಲು ಅದು. ಬರೆದವರಿಗೆ ಈ ನಂಟು ಹೊಳೆದಿತ್ತೋ ಇಲ್ಲವೋ, ಆ ಸಾಲನ್ನು ಓದುವಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಸಂದರ್ಶನಕ್ಕೆಂದು ಹೋದಾಗ ಎರಡು ದಿನ ಅಲ್ಲಿದ್ದೆ. ಶಾಕೋ ಸ್ಲಿಪ್ ಎಂಬ ಹಳೆಯ ವ್ಯಾಪಾರದ ಬೀದಿಯಲ್ಲಿ ಈಗಲೂ ಕಲ್ಲು ಹಾಸಿದ ದಾರಿಯಿದೆ, ಚಕ್ರದ ಚೀಲ ಎಳೆದುಕೊಂಡು ಹೋದರೆ ಕೈ ನಡುಗುತ್ತದೆ. ತಂಬಾಕಿನ ಗೋದಾಮುಗಳೆಲ್ಲ ಮನೆಗಳಾಗಿವೆ, ಕಚೇರಿಗಳಾಗಿವೆ. ಊರಿನ ನಡುವೆಯೇ ಜೇಮ್ಸ್ ನದಿ ಬಂಡೆಗಳ ಮೇಲೆ ಭೋರೆಂದು ಹರಿಯುತ್ತದೆ. ದಕ್ಷಿಣ ದಡದ ಬಡಾವಣೆಯ ಹೆಸರು ಮ್ಯಾಂಚೆಸ್ಟರ್ ಎಂದು ನಕ್ಷೆಯಲ್ಲಿ ಓದಿದಾಗ ಒಂದು ಕ್ಷಣ ನಿಂತುಬಿಟ್ಟೆ. ನಾನು ದಾವಣಗೆರೆಯವಳು. ಬಟ್ಟೆ ಗಿರಣಿಗಳ ಕಾಲದಲ್ಲಿ ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು.

ಊಟದ ಅಂಗಡಿಯಲ್ಲಿ ಬಡಿಸಿದ ಹೆಂಗಸು ನಮ್ಮ ಮೇಜಿನ ನಾಲ್ವರನ್ನೂ ‘ಯಾಲ್’ ಎಂದು ಕರೆದರು, ಅಂದರೆ ‘ಯೂ ಆಲ್’, ನೀವೆಲ್ಲ. ಇಂಗ್ಲಿಷಿನಲ್ಲಿ ಒಬ್ಬರಿಗೂ ‘ಯೂ’, ಹತ್ತು ಜನರಿಗೂ ‘ಯೂ’. ನೀನು, ನೀವು, ನೀವೆಲ್ಲ ಎಂದು ಬೆಳೆದ ನನಗೆ ಹನ್ನೆರಡು ವರ್ಷಗಳಿಂದ ಅದೊಂದು ಕೊರತೆಯಾಗಿಯೇ ಕಾಡಿದೆ. ದಕ್ಷಿಣದವರು ಆ ಕೊರತೆಯನ್ನು ತಾವೇ ತುಂಬಿಕೊಂಡಿದ್ದಾರೆ. ಜಾಹೀರಾತು ಬರೆಯುವವಳಿಗೆ ಇದು ಚಿಕ್ಕ ಮಾತಲ್ಲ. ಮ್ಯಾನ್‌ಹಟನ್ನಿನ ಇಪ್ಪತ್ತನೇ ಮಹಡಿಯಲ್ಲಿ ಕುಳಿತು ‘ಸಾಮಾನ್ಯ ಗ್ರಾಹಕ’ ಎಂದು ಊಹೆ ಮಾಡಿ ಬರೆಯುವುದಕ್ಕೂ, ಆ ಗ್ರಾಹಕರ ಪಕ್ಕದ ಮೇಜಿನಲ್ಲಿ ಉಂಡು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಇಷ್ಟೆಲ್ಲ ಇಷ್ಟಪಟ್ಟ ಮೇಲೂ ಒಂದು ಭಯ ನನ್ನನ್ನು ಬಿಡುತ್ತಿಲ್ಲ. ಮಧ್ಯಮ ಗಾತ್ರದ ಊರಿಗೆ ಹೋಗುವವರು ಸಂಬಳ, ಬಾಡಿಗೆ, ಶಾಲೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕಗಳೆಲ್ಲ ಮೊದಲ ಕೆಲಸದವು. ಎರಡನೇ ಕೆಲಸ ಎಲ್ಲಿದೆ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕು. ಜಾಹೀರಾತು ಸಂಸ್ಥೆ ನಡೆಯುವುದು ಕ್ಲೈಂಟುಗಳ ಮೇಲೆ. ದೊಡ್ಡ ಕ್ಲೈಂಟ್ ಒಬ್ಬರು ಕೈಬಿಟ್ಟು ಹೋದರೆ ಅವರ ಕೆಲಸ ನೋಡಿಕೊಳ್ಳುತ್ತಿದ್ದವರೂ ಹೋಗುತ್ತಾರೆ, ಅವರು ಎಷ್ಟು ಚೆನ್ನಾಗಿ ಬರೆಯುತ್ತಿದ್ದರು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ನನಗೂ ಒಮ್ಮೆ ಹಾಗಾಗಿದೆ. ನ್ಯೂಯಾರ್ಕಿನಲ್ಲಿದ್ದುದರಿಂದ ಐದು ವಾರಗಳಲ್ಲಿ ನಾಲ್ಕು ಬೀದಿ ಆಚೆ ಇನ್ನೊಂದು ಕೆಲಸ ಸಿಕ್ಕಿತು. ರಿಚ್ಮಂಡ್ ನಗರದ ಜನಸಂಖ್ಯೆ 2020ರ ಗಣತಿಯಲ್ಲಿ 2,26,610, ನಮ್ಮ ದಾವಣಗೆರೆಗಿಂತ ಕಡಿಮೆ. ಸುತ್ತಲಿನ ಕೌಂಟಿಗಳು ಸೇರಿದರೆ ಹದಿಮೂರು ಲಕ್ಷ ದಾಟುತ್ತದೆ, ನಿಜ. ಆದರೂ ನನ್ನಂಥವಳಿಗೆ ಅಲ್ಲಿರುವ ಬಾಗಿಲುಗಳನ್ನು ಕೈಬೆರಳಲ್ಲಿ ಎಣಿಸಬಹುದು.

ಈ ಭಯ ನನಗೆ ಮನೆಯಿಂದಲೇ ಬಂದಿದೆ. ಅಪ್ಪ ಬೋರ್ಡು ಬರೆಯುವ ಪೇಂಟರ್ ಆಗಿದ್ದರು. ಗೋಡೆಗೆ ಸುಣ್ಣ ಹೊಡೆದು ಒಣಗಿದ ಮೇಲೆ ದಾರಕ್ಕೆ ನೀಲಿ ಪುಡಿ ಸವರಿ, ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ‘ಬಿಗಿಯಾಗಿ ಹಿಡಿ, ಉಸಿರು ಬಿಡಬೇಡ’ ಎಂದು ಹೇಳಿ ನಡುವೆ ದಾರವನ್ನು ಎಳೆದು ಬಿಡುತ್ತಿದ್ದರು. ಟಪ್ ಎಂದು ಸದ್ದಾಗಿ ಗೋಡೆಯ ಮೇಲೆ ನೇರವಾದ ನೀಲಿ ಗೆರೆ ಮೂಡುತ್ತಿತ್ತು. ಅದರ ಮೇಲೆ ಗೊಬ್ಬರದ, ಬೀಡಿಯ, ಬನಿಯನ್ನಿನ ಹೆಸರುಗಳು ನಿಲ್ಲುತ್ತಿದ್ದವು. ಬೆಂಗಳೂರಿನಿಂದ ಎರಡು ಸಲ ಕರೆ ಬಂದರೂ ಅವರು ಹೋಗಲಿಲ್ಲ. ಮಂಡಿಪೇಟೆಯ ಅಂಗಡಿಯವರೆಲ್ಲ ಪರಿಚಿತರು, ಊರು ಬಿಡುವುದು ಯಾಕೆ ಎಂದರು. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಎರಡು ಮೂರು ವರ್ಷಗಳಲ್ಲಿ ಕೆಲಸ ನಿಂತಿತು. ಅಷ್ಟು ಪರಿಚಿತರಿದ್ದ ಊರಿನಲ್ಲಿ ಆ ಕೈಗೆ ಇನ್ನೊಂದು ಕೆಲಸವಿರಲಿಲ್ಲ. ಎನಾಮೆಲ್ ಡಬ್ಬಗಳು ಹಿತ್ತಿಲಿನಲ್ಲಿ ಮುಚ್ಚಳ ಅಂಟಿಕೊಂಡು ವರ್ಷಗಟ್ಟಲೆ ಇದ್ದವು.

ನನ್ನ ಸ್ಥಿತಿಯಲ್ಲಿ ಇನ್ನೊಂದು ಗಂಟೂ ಇದೆ. ನಾನು ಕೆಲಸ ಕೊಟ್ಟ ಸಂಸ್ಥೆಯ ಮೂಲಕ ಸಿಗುವ ಎಚ್-1ಬಿ ವೀಸಾದಲ್ಲಿರುವವಳು. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳಲ್ಲಿ ಇನ್ನೊಂದು ಸಂಸ್ಥೆ ನನಗಾಗಿ ಅರ್ಜಿ ಹಾಕಬೇಕು. ಯಜಮಾನರ ಕೆಲಸದ ಪರವಾನಗಿಯೂ ನನ್ನ ವೀಸಾಕ್ಕೇ ಕಟ್ಟಿದೆ. ಗ್ರೀನ್ ಕಾರ್ಡಿನ, ಅಂದರೆ ಕಾಯಂ ವಾಸದ ಅನುಮತಿಯ ಸಾಲಿನಲ್ಲಿ ನಮ್ಮ ಸರದಿಯ ಹಳೆಯ ದಿನಾಂಕ ಉಳಿಯುತ್ತದೆ, ಆದರೆ ಹೊಸ ಸಂಸ್ಥೆ ಕಾರ್ಮಿಕ ಇಲಾಖೆಯ ಪ್ರಮಾಣಪತ್ರದಿಂದ ಮತ್ತೆ ಆರಂಭಿಸಬೇಕು. ಆ ಪ್ರಮಾಣಪತ್ರ ನಿರ್ದಿಷ್ಟ ಸಂಸ್ಥೆಗೆ, ನಿರ್ದಿಷ್ಟ ಪ್ರದೇಶಕ್ಕೆ ಸೇರಿದ್ದು. ಅಮೆರಿಕದಲ್ಲೇ ಹುಟ್ಟಿದ ಸಹೋದ್ಯೋಗಿ ಕೆಲಸ ಕಳೆದುಕೊಂಡರೆ ಆರು ತಿಂಗಳು ಅಲ್ಲಿಲ್ಲಿ ಬಿಡಿ ಕೆಲಸ ಮಾಡಿಕೊಂಡು ಅದೇ ಊರಿನಲ್ಲಿ ಇರಬಹುದು. ನಾನು ಇರುವಂತಿಲ್ಲ.

ಹಾಗೆಂದು ನ್ಯೂಯಾರ್ಕ್ ಗಟ್ಟಿ ನೆಲ ಎನ್ನುವ ಧೈರ್ಯವೂ ಈಗ ನನಗಿಲ್ಲ. 2025ರ ನವೆಂಬರಿನಲ್ಲಿ ಹಲವು ಜಾಹೀರಾತು ಸಂಸ್ಥೆಗಳ ಒಡೆತನವಿರುವ ಆಮ್ನಿಕಾಮ್, ಅಂಥದ್ದೇ ಇನ್ನೊಂದು ದೊಡ್ಡ ಕಂಪನಿಯಾದ ಇಂಟರ್‌ಪಬ್ಲಿಕ್ ಅನ್ನು ಕೊಂಡುಕೊಂಡಿತು. 1949ರಲ್ಲಿ ಇದೇ ಊರಿನಲ್ಲಿ ಹುಟ್ಟಿ ಜಗತ್ತಿಗೇ ಜಾಹೀರಾತು ಬರೆಯುವುದನ್ನು ಕಲಿಸಿದ ಡಿಡಿಬಿ ಎಂಬ ತಮ್ಮದೇ ಸಂಸ್ಥೆಯ ಹೆಸರನ್ನೇ ಕೈಬಿಟ್ಟರು. ಸಾವಿರಾರು ಜನ ಕೆಲಸ ಕಳೆದುಕೊಂಡರು. ನಾಲ್ಕು ಬೀದಿ ಆಚೆ ಇನ್ನೊಂದು ಕೆಲಸ ಇದೆ ಎಂಬ ಮಾತು ಇನ್ನೆಷ್ಟು ವರ್ಷ ನಿಜವಾಗಿರುತ್ತದೋ.

ಮಗಳ ವಿಷಯಕ್ಕೆ ಬಂದರೆ, ರಿಚ್ಮಂಡಿನ ಹೊರವಲಯದ ಗ್ಲೆನ್ ಆಲೆನ್ ಕಡೆ ನಮ್ಮವರು ಬಹಳ ಜನ ಇದ್ದಾರೆ, ದೇವಸ್ಥಾನವಿದೆ, ಶಾಲೆಗಳು ಚೆನ್ನಾಗಿವೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಯೋಚಿಸಿದ್ದು ಬೇರೆ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ರಾಜಧಾನಿಯಾಗಿದ್ದ ಊರಿದು. ಮಾನ್ಯುಮೆಂಟ್ ಅವೆನ್ಯೂನಲ್ಲಿ ಅವರ ಸೇನಾನಿ ಲೀ ಕುದುರೆ ಏರಿ ನಿಂತಿದ್ದ. 2021ರ ಸೆಪ್ಟೆಂಬರಿನಲ್ಲಿ ಅವನನ್ನು ಇಳಿಸಿದರು. ಆ ಬೀದಿಯ ಹಳೆಯ ಪ್ರತಿಮೆಗಳಲ್ಲಿ ಈಗ ಉಳಿದಿರುವುದು ಅದೇ ಊರಿನಲ್ಲಿ ಹುಟ್ಟಿದ ಕಪ್ಪು ಟೆನಿಸ್ ಆಟಗಾರ ಆರ್ಥರ್ ಆ್ಯಶ್‌ನದು ಮಾತ್ರ. ಕೈಯಲ್ಲಿ ಪುಸ್ತಕ ಎತ್ತಿ ಹಿಡಿದಿದ್ದಾನೆ, ಸುತ್ತ ಮಕ್ಕಳಿದ್ದಾರೆ. ಅದರ ಮುಂದೆ ಮಗಳನ್ನು ನಿಲ್ಲಿಸಿ ಎರಡೂ ಕಥೆ ಹೇಳಬಲ್ಲೆ.

ನಿನ್ನೆ ಅವ್ವನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ‘ಊರಲ್ಲಿ ಹೊಳೆ ಇದೆಯೇನೇ?’ ಎಂದು ಕೇಳಿದಳು. ಇದೆ ಎಂದೆ. ‘ಹಾಗಾದರೆ ಹೋಗು. ಮನೆ ಮಾತ್ರ ಕೊಳ್ಳಬೇಡ’ ಎಂದಳು. ಅಪ್ಪನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ಮನಸ್ಸು ಹೋಗುವ ಕಡೆಗೇ ವಾಲುತ್ತಿದೆ. ಗ್ರೀನ್ ಕಾರ್ಡಿನ ಕೆಲಸವನ್ನು ಸೇರಿದ ತಿಂಗಳಿನಲ್ಲೇ ಶುರು ಮಾಡುವುದಾಗಿ ಬರೆದು ಕೊಡಿ ಎಂದು ಕೇಳಿದ್ದೇನೆ. ನನ್ನನ್ನು ಯಾವ ಕ್ಲೈಂಟಿಗೆ ಹಾಕುತ್ತೀರಿ, ಆ ಒಪ್ಪಂದ ಯಾವಾಗ ಮುಗಿಯುತ್ತದೆ ಎಂದೂ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ರಿಚ್ಮಂಡಿಗೆ ಹೋಗಿ ಚೆನ್ನಾಗಿದ್ದೇವೆ ಎನ್ನುವ ಹಲವರು ಈಗಾಗಲೇ ಮಾತನಾಡಿದ್ದಾರೆ, ಅವರಿಗೆ ಕೃತಜ್ಞಳು. ಅಲ್ಲಿ ಒಂದು ಕೆಲಸ ಕಳೆದುಕೊಂಡು, ಊರು ಬಿಡದೆ ಅಲ್ಲೇ ಇನ್ನೊಂದು ಕಂಡುಕೊಂಡವರು ಯಾರಾದರೂ ಇದ್ದರೆ, ಶುಕ್ರವಾರದೊಳಗೆ ನನಗೆ ಬರೆಯಿರಿ.