ಶಾರ್ಟ್ ಆದರೂ ಎಂಸಿಬಿ ಬೀಳಲಿಲ್ಲ

ಸೋಲಾರ್ ಮೈಕ್ರೋಗ್ರಿಡ್‌ಗೂ (ಒಂದು ಊರಿನಷ್ಟಕ್ಕೇ ಇರುವ ಚಿಕ್ಕ ವಿದ್ಯುತ್ ಜಾಲ) ಮಾಮೂಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್), ಫ್ಯೂಸ್ ಸಾಕು ಅಂತ ನಿಮ್ಮ ಲೇಖನದಲ್ಲಿದೆ. ನಾನಂತೂ ಒಪ್ಪುವುದಿಲ್ಲ ಸ್ವಾಮಿ. ನಮ್ಮ ಊರಿನ ಮನೆಯಲ್ಲಿ 5 ಕಿಲೋವ್ಯಾಟ್ ಇನ್ವರ್ಟರ್ ಇದೆ. ಒಂದು ರಾತ್ರಿ ಲೈನ್ ಹೋಗಿ ಮನೆಯೆಲ್ಲ ಬ್ಯಾಟರಿ ಮೇಲೆ ನಡೆಯುತ್ತಿತ್ತು, ಅಟ್ಟದ ವೈರನ್ನು ಇಲಿ ಕಡಿದು ಶಾರ್ಟ್ ಆಯಿತು. 16 ಆಂಪಿಯರ್‌ನ ಸಿ ಟೈಪ್ ಎಂಸಿಬಿ ಅಲ್ಲಾಡಲಿಲ್ಲ. ಇನ್ವರ್ಟರೇ ಕೀಂ ಅಂತ ಕೂಗಿ ಆಫ್ ಆಯಿತು. ಆನ್ ಮಾಡಿದರೆ ಮತ್ತೆ ಅದೇ. ಲೈನ್ ಬಂದ ಕೂಡಲೇ ಎಂಸಿಬಿ ಟಪ್ ಅಂತ ಬಿತ್ತು ನೋಡಿ!

ಸಿ ಟೈಪ್ ಎಂಸಿಬಿ ತಕ್ಷಣ ಬೀಳಲು ತನ್ನ ರೇಟಿಂಗ್‌ನ ಐದರಿಂದ ಹತ್ತು ಪಟ್ಟು, ಅಂದರೆ ನಮ್ಮದಕ್ಕೆ 80ರಿಂದ 160 ಆಂಪಿಯರ್ ಬೇಕು. ಜನರೇಟರ್ ಆದರೆ ಶಾರ್ಟ್ ಆದ ಗಳಿಗೆಯಲ್ಲಿ ತನ್ನ ರೇಟಿಂಗ್‌ನ ಐದಾರು ಪಟ್ಟು ಕೊಡುತ್ತದೆ, ಇನ್ವರ್ಟರ್ ಮಾತ್ರ ಒಳಗಿನ ಐಜಿಬಿಟಿ (ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟುಹೋಗದಿರಲಿ ಅಂತ ಒಂದೂಕಾಲು, ಜಾಸ್ತಿ ಅಂದರೆ ಎರಡು ಪಟ್ಟಿಗೆ ಕರೆಂಟನ್ನು ಕಟ್ಟಿಹಾಕುತ್ತದೆ, ಅಂದರೆ ನಮ್ಮದರಲ್ಲಿ 40ರ ಆಸುಪಾಸು ಅಷ್ಟೇ. ಲೈನ್ ಬಂದಾಗ ಗ್ರಿಡ್‌ನಿಂದ ಬೇಕಾದಷ್ಟು ಕರೆಂಟ್ ಹರಿಯಿತು, ಅದಕ್ಕೇ ಬಿತ್ತು; ಬರೀ ಇನ್ವರ್ಟರ್ ಮೇಲಾದರೆ ಬೀಳೋದು ಹೇಗೆ?

ಇಡೀ ಊರಿನ ಮೈಕ್ರೋಗ್ರಿಡ್‌ಗೂ ಇದೇ ಕಥೆ ಅಲ್ವಾ. ಗ್ರಿಡ್ ಜೊತೆ ಇದ್ದಾಗ ರಿಲೇಗೆ (ಶಾರ್ಟ್ ಗುರುತಿಸಿ ಬ್ರೇಕರ್ ಬೀಳಿಸುವ ಸಾಧನ) ಒಂದು ಸೆಟ್ಟಿಂಗ್, ಗ್ರಿಡ್ ಬಿಟ್ಟು ಬಿಡಿಯಾಗಿ ನಡೆಯುವಾಗ ಇನ್ನೊಂದು ಬೇಕು. ಇಲ್ಲವೇ ಲೈನಿನ ಎರಡೂ ತುದಿಯ ಕರೆಂಟ್ ಹೋಲಿಸುವ ರಿಲೇ ಹಾಕಬೇಕು, ಅದು ದುಬಾರಿ. ಆ ಖರ್ಚು ನಿಮ್ಮ ಲೇಖನದ ಲೆಕ್ಕದಲ್ಲಿ ಎಲ್ಲೂ ಕಾಣಲಿಲ್ಲ.